ಕಣ್ಣುಗೂಡಿನ ತಳ ಒಡೆದಾಗ

ಕೇಳುಗರಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ಕೊಡಗಿನಲ್ಲಿ ಹಾಕಿ. ಹಾಕಿ ಚೆಂಡಿನ ತೂಕ ಸುಮಾರು 160 ಗ್ರಾಂ. ಅದು ಮುಖಕ್ಕೆ ಬಡಿದರೆ, ಇಲ್ಲವೇ ಮರ ಕಪಾತಿನ, ಅಂದರೆ ಕೊಂಬೆ ಸವರುವ ಹೊತ್ತಿನಲ್ಲಿ ಕೊಂಬೆ ಸಿಡಿದು ಹೊಡೆದರೆ, ಕಣ್ಣುಗುಡ್ಡೆ ಉಳಿದರೂ ಕೆಳಗಿನ ಮೂಳೆ ಒಡೆಯುವುದುಂಟು. ಕಣ್ಣುಗೂಡಿನ ಅಂಚು ಗಟ್ಟಿ. ತಳದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಮೂಗಿನ ಕಡೆಯ ಗೋಡೆ ಇನ್ನೂ ತೆಳು. ತಳ ಒಡೆದರೆ ಕಣ್ಣಿನ ಸುತ್ತಲ ಕೊಬ್ಬು ಕೆನ್ನೆಯ ಸೈನಸ್‌ಗೆ, ಅಂದರೆ ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳಿಗೆ, ಇಳಿಯುತ್ತದೆ. ಒಂದು ವಸ್ತು ಎರಡಾಗಿ ಕಾಣುತ್ತದೆ, ಕೆನ್ನೆ, ಮೇಲ್ದುಟಿ ಜೋಮು ಹಿಡಿಯುತ್ತವೆ. ಇಂಥ ಪೆಟ್ಟಾದವರು ಮೂಗು ಸೀಟಲೇಬಾರದು. ಸೈನಸ್‌ನ ಗಾಳಿ ಕಣ್ಣುಗೂಡಿಗೆ ನುಗ್ಗುತ್ತದೆ.

ಹೆಚ್ಚಿನವರಿಗೆ ಆಪರೇಷನ್ನಿನ ಅವಸರವಿಲ್ಲ. ಊತ ಇಳಿಯಲಿ, ಎರಡು ವಾರದೊಳಗೆ ಮಾಡಿದರೆ ಸಾಕು. ಆಪರೇಷನ್ನೇ ಬೇಡವಾದವರೂ ಇದ್ದಾರೆ. ಆದರೆ ಎರಡು ಸಂದರ್ಭಗಳಲ್ಲಿ ಕಾಯುವ ಹಾಗಿಲ್ಲ. ಕಣ್ಣು ಕಲ್ಲಿನಂತೆ ಗಟ್ಟಿಯಾಗಿ, ಮುಂದಕ್ಕೆ ಉಬ್ಬಿ, ದೃಷ್ಟಿ ಮಂಕಾಗುತ್ತಿದ್ದರೆ ಅದರ ಹಿಂಬದಿಯಲ್ಲಿ ರಕ್ತ ತುಂಬುತ್ತಿದೆ ಎಂದರ್ಥ. ಸ್ಕ್ಯಾನಿಗೆಂದು ಮೈಸೂರಿಗೋ ಮಂಗಳೂರಿಗೋ ಹೊರಡುವ ಮೊದಲೇ, ಹತ್ತಿರದ ಆಸ್ಪತ್ರೆಯಲ್ಲಿ ಕಣ್ಣಿನ ಹೊರಮೂಲೆಯನ್ನು ಕತ್ತರಿಸಿ ಒತ್ತಡ ಇಳಿಸಬೇಕು. ಇನ್ನೊಂದು, ಮಕ್ಕಳದು. ಮಕ್ಕಳ ಮೂಳೆ ಬಾಗಿ, ಮತ್ತೆ ಮುಚ್ಚಿಕೊಂಡು ಸ್ನಾಯುವನ್ನು ಕಚ್ಚಿ ಹಿಡಿಯುತ್ತದೆ. ಕಣ್ಣು ಕೆಂಪಾಗಿಯೂ ಇರುವುದಿಲ್ಲ. ಮಗು ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ, ಮೇಲೆ ನೋಡಲಾಗುವುದಿಲ್ಲ. ತಲೆಗೆ ಪೆಟ್ಟಾಗಿದೆ ಎಂದುಕೊಂಡು ಇಲ್ಲೇ ಎಡವುವುದು. 24ರಿಂದ 48 ಗಂಟೆಯೊಳಗೆ ಬಿಡಿಸದಿದ್ದರೆ ಆ ಸ್ನಾಯು ಶಾಶ್ವತವಾಗಿ ಕೆಡಬಹುದು.

ಆಪರೇಷನ್ನಿಗೆ ಮೊದಲು ಒಂದು ಮಿಲಿಮೀಟರ್ ಪದರಗಳ ಸಿ.ಟಿ. ಸ್ಕ್ಯಾನ್ ಬೇಕು, ನೇತ್ರತಜ್ಞರ ಪರೀಕ್ಷೆಯೂ ಬೇಕು. ಸಾಮಾನ್ಯವಾಗಿ ಕೆಳರೆಪ್ಪೆಯ ಒಳಗಿನಿಂದಲೇ ಕೊಯ್ಯುವುದರಿಂದ ಹೊರಗೆ ಗಾಯದ ಗುರುತು ಕಾಣದು. ಇಳಿದ ಕೊಬ್ಬನ್ನು ಮೆಲ್ಲಗೆ ಮೇಲೆತ್ತಿ, ಒಡೆದ ಜಾಗದ ಸುತ್ತಲೂ ಗಟ್ಟಿ ಮೂಳೆ ಸಿಗುವವರೆಗೆ ಬಿಡಿಸುತ್ತಾರೆ. ಅದರ ಮೇಲೆ ತೆಳುವಾದ ಟೈಟಾನಿಯಂ ಜಾಲರಿ ಕೂರಿಸಿ, ಮುಂದಿನ ಅಂಚಿಗೆ ಒಂದೆರಡು ಪುಟ್ಟ ಸ್ಕ್ರೂ ಹಾಕುತ್ತಾರೆ.

ಕಷ್ಟವೆಲ್ಲ ಹಿಂದಿನ ತುದಿಯದು. ಜಾಲರಿಗೆ ಹಿಂದೆ ಆಧಾರವಾಗುವ ಮೂಳೆ, ಕಣ್ಣುಗೂಡಿನ ಮುಂದಿನ ಅಂಚಿನಿಂದ ಮೂರೂವರೆ ಸೆಂಟಿಮೀಟರಿನಷ್ಟು ಒಳಗಿದೆ; ಅಲ್ಲಿಂದ ಸ್ವಲ್ಪವೇ ಹಿಂದೆ ದೃಷ್ಟಿನರ. ಅಷ್ಟು ಒಳಗೆ ಹೋಗಲು ಹೆದರಿ ಜಾಲರಿಯನ್ನು ಗಿಡ್ಡವಾಗಿ ಕತ್ತರಿಸಿದರೆ ಅದರ ಹಿಂಭಾಗ ಸೈನಸ್ ಕಡೆ ಜಾರುತ್ತದೆ, ಕಣ್ಣು ಗುಳಿ ಬೀಳುತ್ತದೆ. ಎರಡು ಮಿಲಿಮೀಟರ್ ಒಳಗೆ ಹೋದರೂ ಎದುರಿಗಿರುವವರಿಗೆ ಗೊತ್ತಾಗುತ್ತದೆ. ತಳ ಸಪಾಟಲ್ಲ, ಹಿಂದೆ ಮೇಲಕ್ಕೆ ಏರುತ್ತದೆ. ಚಪ್ಪಟೆ ಜಾಲರಿ ಇಟ್ಟರೂ ಇದೇ ಫಲ. ಕತ್ತರಿಸಿದ ಕಂಬಿಯ ಮೊನೆ ಉಳಿದರೆ ಕೊಬ್ಬು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕೊನೆಯಲ್ಲಿ ಚಿಮಟದಿಂದ ಕಣ್ಣನ್ನು ಹಿಡಿದು ನಾಲ್ಕೂ ದಿಕ್ಕಿಗೆ ಆಡಿಸಿ ನೋಡಲೇಬೇಕು. ಎಲ್ಲಾದರೂ ತಡೆದರೆ ಜಾಲರಿ ತೆಗೆದು ಮತ್ತೆ ಕೂರಿಸಬೇಕು, ನಾಳೆ ಸರಿಹೋದೀತು ಎನ್ನುವ ಮಾತಿಲ್ಲ.

ಆಪರೇಷನ್ ಆದ ರಾತ್ರಿ ದೃಷ್ಟಿಯನ್ನು ಪದೇ ಪದೇ ಪರೀಕ್ಷಿಸುತ್ತಾರೆ. ರೋಗಿ ಬೈಯುತ್ತಾನೆ, ಬೈಯಲಿ. ತಲೆ ಎತ್ತರಿಸಿ ಮಲಗಬೇಕು. ಮೂಗು ಸೀಟುವುದು ಇನ್ನೂ ಕೆಲವು ವಾರ ಬೇಡ, ಸೀನು ಬಂದರೆ ಬಾಯಿ ತೆರೆದೇ ಸೀನಿ. ಎರಡಾಗಿ ಕಾಣುವುದು, ಕೆನ್ನೆಯ ಜೋಮು ಕೆಲವು ತಿಂಗಳು ಉಳಿಯಬಹುದು. ಟೈಟಾನಿಯಂ ಆಯಸ್ಕಾಂತಕ್ಕೆ ಅಂಟುವ ಲೋಹವಲ್ಲ, ಮುಂದೆ ಎಂ.ಆರ್.ಐ. ಮಾಡಿಸಬೇಕಾದರೆ ಜಾಲರಿ ಇದೆ ಎಂದು ಮೊದಲೇ ತಿಳಿಸಿ, ಡಿಸ್ಚಾರ್ಜ್ ಚೀಟಿ ಜೊತೆಗಿಟ್ಟುಕೊಳ್ಳಿ.