ಒಂದು ನಗುವಿಗೆ ಹುಡುಕಿದ ಇಂಗ್ಲಿಷ್ ಪದ

ನಮಸ್ಕಾರ. ಈಗ ಪರದೆಯ ಮೇಲೆ, ಹಾಡನ್ನು ಅರ್ಧಕ್ಕೇ ನಿಲ್ಲಿಸಿ ನಗುತ್ತಿರುವ ಹಿರಿಯರು ನನಗೆ ಸಂಗೀತ ಕಲಿಸಿದ ಗುರುಗಳು. ಅವರ ಕುರಿತ ವಿಡಿಯೊದಲ್ಲಿ ಈ ನಗು ಬರುವ ಮೂರು ಸೆಕೆಂಡುಗಳಿಗೆ ನಾನು 'ಗುರುಗಳ ಮೋಹಕ ನಗು' ಎಂದು ಹೇಳಿದ್ದೆ. ಇಂಗ್ಲಿಷ್ ಸಬ್‌ಟೈಟಲ್ ಬರೆಯುವಾಗ, ನಿಘಂಟಿನಲ್ಲಿ 'ಮೋಹಕ' ಎಂಬುದರ ಎದುರು ಸಾಲಾಗಿ ಕೂತಿದ್ದ ಪದಗಳ ಪೈಕಿ ಒಂದನ್ನು, ಕಿವಿಗೆ ಇಂಪಾಗಿದೆ ಎಂಬ ಒಂದೇ ಕಾರಣಕ್ಕೆ ಆರಿಸಿ, 'ಸೆಡಕ್ಟಿವ್' ಎಂದು ಬರೆದುಬಿಟ್ಟೆ. ಹೊರಬಿಡುವ ಮುನ್ನ ಅದನ್ನು ನೋಡಿದ ಗೆಳತಿ ನಕ್ಕು ನಕ್ಕು ಸುಸ್ತಾದಳು. ಎಪ್ಪತ್ತು ದಾಟಿದ ಗುರುಗಳನ್ನು ನಾನು ನನಗರಿವಿಲ್ಲದೆಯೇ, ಕಣ್ಣೋಟದಲ್ಲೇ ಬಲೆ ಬೀಸುವ ಶೃಂಗಾರಪುರುಷನನ್ನಾಗಿ ಮಾಡಿಬಿಟ್ಟಿದ್ದೆ.

ಆ ಪದವನ್ನು ಅಳಿಸಿದ್ದಾಯಿತು. ಆದರೆ ಅದರ ಜಾಗದಲ್ಲಿ ಏನು ಬರೆಯಬೇಕೆಂಬ ಹುಡುಕಾಟ ಎರಡು ವಾರ ನಡೆಯಿತು. ಸೆಳೆತವನ್ನು ಹೇಳುವ ಇಂಗ್ಲಿಷ್ ಪದಗಳೆಲ್ಲವನ್ನೂ ನಿಘಂಟು 'ಆಕರ್ಷಕ, ಮೋಹಕ, ಮನೋಹರ' ಎಂದು ಒಂದೇ ಗೋಣಿಯಲ್ಲಿ ತುಂಬಿಬಿಡುತ್ತದೆ. ಗೋಣಿ ಸುರುವಿ ನೋಡಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಸೆಳೆತ ಎಷ್ಟು ಜೋರಾಗಿದೆ ಎಂದು ಅಳೆಯುತ್ತ ಕುಳಿತರೆ ಈ ಪದಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಸೆಳೆಯುವವರ ಮನಸ್ಸಿನಲ್ಲಿ ಏನಿದೆ, ಸೆಳೆತಕ್ಕೆ ಸಿಕ್ಕವರ ಗತಿ ಏನಾಗುತ್ತದೆ ಎಂದು ಕೇಳಿದ ಕೂಡಲೇ ಒಂದೊಂದೂ ತನ್ನ ಮುಖ ತೋರಿಸುತ್ತದೆ.

'ಅಟ್ರ್ಯಾಕ್ಟ್' ಇವುಗಳಲ್ಲೆಲ್ಲ ಅತ್ಯಂತ ನಿರ್ಲಿಪ್ತ ಪದ. ಲ್ಯಾಟಿನ್ನಿನ 'ಟ್ರಾಹೆರೆ' ಎಂದರೆ ಎಳೆಯುವುದು. ಹೊಲ ಉಳುವ ಟ್ರ್ಯಾಕ್ಟರ್‌ನ ಹೆಸರೂ ಅದೇ ಧಾತುವಿನಿಂದ ಬಂದದ್ದು. ನಮ್ಮ 'ಆಕರ್ಷಣೆ'ಯ ಒಳಗಿರುವ ಸಂಸ್ಕೃತದ 'ಕೃಷ್' ಧಾತುವಿಗೂ ಎಳೆ ಎಂಬ ಅರ್ಥವಿದೆ, ಉಳು ಎಂಬ ಅರ್ಥವೂ ಇದೆ, ಮತ್ತು 'ಕೃಷಿ' ಹುಟ್ಟಿದ್ದು ಅಲ್ಲಿಂದಲೇ. ಎರಡೂ ಕಡೆ ಒಲವಿನ ಮಾತು ಹೊಲದ ಬದುವಿನಲ್ಲೇ ನಿಂತಿರುವುದನ್ನು ಕಂಡು ನನಗಾದ ಖುಷಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅಯಸ್ಕಾಂತ ಕಬ್ಬಿಣವನ್ನು ಎಳೆಯುವುದಕ್ಕೂ, ಹೂವು ಜೇನುನೊಣವನ್ನು ಕರೆಯುವುದಕ್ಕೂ, ಒಳ್ಳೆಯ ಸಂಬಳ ಅಭ್ಯರ್ಥಿಯನ್ನು ಸೆಳೆಯುವುದಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ಪದ ಸಾಕು. ಅಷ್ಟೇ ಅಲ್ಲ, ಒಂದು ನಿರ್ಧಾರ ಟೀಕೆಗೆ ಗುರಿಯಾಯಿತು ಎನ್ನಬೇಕಾದಲ್ಲಿ ಅದು ಟೀಕೆಯನ್ನು 'ಅಟ್ರ್ಯಾಕ್ಟ್' ಮಾಡಿತು ಎಂದು ಇಂಗ್ಲಿಷಿನವರು ಬರೆಯುತ್ತಾರೆ. ಕನ್ನಡದಲ್ಲಿ ಟೀಕೆಯನ್ನು ಆಕರ್ಷಿಸಿತು ಎಂದರೆ ನಗೆಪಾಟಲಾಗುತ್ತದೆ. ಗುರುಗಳ ನಗುವಿಗೆ ಈ ಪದ ತಪ್ಪೇನಲ್ಲ, ಆದರೆ ಬಡ್ಡಿದರಕ್ಕೂ ಒಪ್ಪುವ ವಿಶೇಷಣವನ್ನು ಅವರ ನಗುವಿಗೆ ಹಚ್ಚಲು ನನಗೆ ಮನಸ್ಸು ಬರಲಿಲ್ಲ.

ನಾನು ಎಡವಿದ 'ಸೆಡ್ಯೂಸ್' ಪದದ ಮೂಲಾರ್ಥ ಪಕ್ಕಕ್ಕೆ ಕರೆದೊಯ್ಯುವುದು, ಅಂದರೆ ಹಿಡಿದ ದಾರಿ ತಪ್ಪಿಸುವುದು. ಕಾಮದ ಛಾಯೆ ಇಲ್ಲದ ಕಡೆಯಲ್ಲೂ ಈ ಎಚ್ಚರಿಕೆ ಅದರ ಬೆನ್ನು ಬಿಡುವುದಿಲ್ಲ. ಒಂದು ವಾದವನ್ನು 'ಸೆಡಕ್ಟಿವ್' ಎಂದು ವಿಮರ್ಶಕರು ಬರೆದರೆ, ಅದು ಕೇಳಲು ಬಹಳ ಚೆನ್ನಾಗಿದೆ, ಆದರೆ ಬಹುಶಃ ತಪ್ಪಾಗಿದೆ ಎಂದು ಅರ್ಥಮಾಡಿಕೊಳ್ಳಬೇಕು. 'ಲ್ಯೂರ್' ಎಂಬುದು ಇದರ ನೆಂಟ. ಡೇಗೆ ಪಳಗಿಸುವವರು ಗರಿಗಳ ಕಟ್ಟಿಗೆ ಮಾಂಸದ ಚೂರು ಸಿಕ್ಕಿಸಿ, ಉದ್ದನೆಯ ದಾರಕ್ಕೆ ಕಟ್ಟಿ ಗಾಳಿಯಲ್ಲಿ ಗಿರ್ರನೆ ತಿರುಗಿಸುತ್ತಾರೆ. ಮೇಲೆ ಹಾರುತ್ತಿರುವ ಹಕ್ಕಿ ಅದನ್ನು ಬೇಟೆಯೆಂದು ಬಗೆದು ಕೆಳಗಿಳಿದು ಬರುತ್ತದೆ. ಆ ಗರಿಯ ಕಟ್ಟಿನ ಹೆಸರೇ 'ಲ್ಯೂರ್'. ನಮ್ಮ 'ಆಮಿಷ'ಕ್ಕೂ ಮೊದಲ ಅರ್ಥ ಮಾಂಸವೇ, 'ನಿರಾಮಿಷ'ದಲ್ಲಿ ಅದು ಇನ್ನೂ ಉಳಿದುಕೊಂಡಿದೆ. ಇದೇ ಬೇರಿನ 'ಅಲ್ಯೂರ್' ಮಾತ್ರ ಸ್ವಲ್ಪ ಸಭ್ಯವಾಗಿದೆ: ಅದರಲ್ಲಿ ಕೈಗೆಟುಕದ ದೂರವಿದೆ, ಭರವಸೆಯಿದೆ, ಮೋಸ ಮಾಡಿಯೇ ತೀರುತ್ತೇನೆಂಬ ಹಟವಿಲ್ಲ.

'ಫ್ಯಾಸಿನೇಟ್' ಪದದ ವಿಷಯದಲ್ಲಿ ಕನ್ನಡಿಗರಾದ ನಾವು ಮತ್ತೆ ಮತ್ತೆ ಜಾರುತ್ತೇವೆ, ಏಕೆಂದರೆ ಅದನ್ನೂ 'ಮೋಹಕ' ಎಂದೇ ಕಲಿತಿರುತ್ತೇವೆ. ಅದರ ಲ್ಯಾಟಿನ್ ಮೂಲಕ್ಕೆ ಮಾಟ ಮಾಡು, ದೃಷ್ಟಿ ತಗುಲಿಸು ಎಂಬ ಅರ್ಥಗಳಿದ್ದವು. ಹಾವು ತನ್ನ ನೋಟದಿಂದಲೇ ಬೇಟೆಯನ್ನು ಕದಲದಂತೆ ನಿಲ್ಲಿಸುತ್ತದೆ ಎಂಬ ಹಳೆಯ ನಂಬಿಕೆಯನ್ನು ಹೇಳುವಾಗಲೂ ಇಂಗ್ಲಿಷಿನಲ್ಲಿ ಇದೇ ಪದವನ್ನು ಬಳಸುತ್ತಿದ್ದರು. ಇಂದು ಅದಕ್ಕೆ ಚೆಲುವಿನ ಹಂಗೇ ಇಲ್ಲ. ಬಲೆ ನೇಯುವ ಜೇಡವೂ 'ಫ್ಯಾಸಿನೇಟಿಂಗ್', ನೂರಾರು ಪುಟಗಳ ತೆರಿಗೆ ಕಾನೂನೂ ಕೆಲವರಿಗೆ 'ಫ್ಯಾಸಿನೇಟಿಂಗ್'. ಬುದ್ಧಿ ಅಲ್ಲೇ ನೆಟ್ಟು ನಿಲ್ಲಬೇಕು, ಅಷ್ಟೇ ಷರತ್ತು. ವೈದ್ಯರು ನಿಮ್ಮ ವರದಿಯನ್ನು ನೋಡಿ ಈ ಮಾತು ಆಡಿದರೆ ಹಿಗ್ಗಬೇಡಿ.

'ಗ್ಲ್ಯಾಮರ್' ಹುಟ್ಟಿದ್ದು 'ಗ್ರಾಮರ್' ಎಂಬ ಪದದಿಂದ ಎಂದರೆ, ವ್ಯಾಕರಣದ ತರಗತಿಯಲ್ಲಿ ತೂಕಡಿಸಿದ ಯಾರೂ ನಂಬಲಾರರು. ಓದುಬರಹ ಕೆಲವರ ಸೊತ್ತಾಗಿದ್ದ ಕಾಲದಲ್ಲಿ, ಪುಸ್ತಕ ಬಲ್ಲವನಿಗೆ ಮಾಟಮಂತ್ರವೂ ಗೊತ್ತಿರಬಹುದೆಂಬ ಅನುಮಾನ ಜನರಿಗಿತ್ತು. ಸ್ಕಾಟ್‌ಲೆಂಡಿನವರ ಬಾಯಲ್ಲಿ 'ಗ್ರಾಮರ್' 'ಗ್ಲ್ಯಾಮರ್' ಆಗಿ, ಕಣ್ಕಟ್ಟು ಎಂಬ ಅರ್ಥ ಪಡೆಯಿತು. 19ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅದನ್ನು ಬಳಸಿ ಉಳಿದ ಇಂಗ್ಲಿಷ್ ಓದುಗರಿಗೂ ಪರಿಚಯಿಸಿದ. ಕಣ್ಕಟ್ಟು ಇಂದಿಗೂ ಅದರಲ್ಲಿದೆ: ದೂರ, ಬೆಳಕು, ಸಿಂಗಾರ ಇಲ್ಲದೆ ಈ ಪದ ನಿಲ್ಲುವುದಿಲ್ಲ. ದಿನವೂ ಹತ್ತಿರದಿಂದ ನೋಡುವ ಮುಖಕ್ಕೆ ಇದನ್ನು ಅನ್ವಯಿಸುವುದು ಕಷ್ಟ.

'ಮೆಸ್ಮರೈಸ್' ಪದದ ಹಿಂದೆ ಒಬ್ಬ ಮನುಷ್ಯನೇ ಇದ್ದಾನೆ. 1734ರಲ್ಲಿ ಹುಟ್ಟಿದ ವೈದ್ಯ ಫ್ರಾಂಜ್ ಆಂಟನ್ ಮೆಸ್ಮರ್, ಜೀವಿಗಳೊಳಗೆ ಅಯಸ್ಕಾಂತದಂಥ ಒಂದು ಸೂಕ್ಷ್ಮ ದ್ರವ ಹರಿಯುತ್ತದೆಂದೂ ಅದನ್ನು ಸರಿಪಡಿಸಿ ರೋಗ ವಾಸಿಮಾಡಬಹುದೆಂದೂ ಹೇಳುತ್ತಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ನೇಮಿಸಿದ ಆಯೋಗವೊಂದು ಇದನ್ನು ಪರೀಕ್ಷಿಸಿತು. ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ ಅದರ ಸದಸ್ಯರಾಗಿದ್ದರು. ಫ್ರಾಂಕ್ಲಿನ್ನನ ತೋಟದಲ್ಲಿ ಒಂದು ಮರಕ್ಕೆ ಆ ಶಕ್ತಿ ತುಂಬಿದ್ದಾಗಿದೆ ಎಂದು ಹೇಳಿ, ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣುಕಟ್ಟಿ ಮರದಿಂದ ಮರಕ್ಕೆ ಕರೆದೊಯ್ದರು. ನಾಲ್ಕನೆಯ ಮರದ ಬಳಿ ಹುಡುಗ ಮೂರ್ಛೆ ಹೋದ. ಶಕ್ತಿ ತುಂಬಿದ್ದ ಮರ ಅದಾಗಿರಲಿಲ್ಲ. ದ್ರವ ಸುಳ್ಳಾಯಿತು, ಪದ ಮಾತ್ರ ಉಳಿಯಿತು, ಮತ್ತು ಅದಕ್ಕೆ ಆ ಹುಡುಗನ ಸ್ಥಿತಿಯೇ ಅರ್ಥವಾಯಿತು: ನೋಡುತ್ತ ನೋಡುತ್ತ ತನ್ನ ಮೇಲಿನ ಹಿಡಿತವನ್ನೇ ಕಳೆದುಕೊಳ್ಳುವುದು.

'ಕರಿಸ್ಮಾ'ವನ್ನು ಬೇಗ ಮುಗಿಸುತ್ತೇನೆ. ಗ್ರೀಕಿನಲ್ಲಿ ಅದು ದೈವದತ್ತ ವರ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅದನ್ನು ನಾಯಕರ ಅಧಿಕಾರವನ್ನು ವಿವರಿಸಲು ಬಳಸಿದ ಮೇಲೆ ಅದು ಜನಸಮೂಹವನ್ನು ಬೇಡುವ ಪದವಾಗಿದೆ. 'ಕ್ಯಾಪ್ಟಿವೇಟ್' ಎಂದರೆ ಸೆರೆಹಿಡಿಯುವುದು, ಅದು ಕಂಠಕ್ಕೆ ಒಪ್ಪುತ್ತದೆ, ಮೂರು ಸೆಕೆಂಡಿನ ನಗುವಿಗೆ ಒಪ್ಪುವುದಿಲ್ಲ.

ಕೊನೆಗೆ ನಾನು ಬರೆದದ್ದು 'ಚಾರ್ಮಿಂಗ್'. ಈ ಪದದಲ್ಲಿ ಒಂದು ಸಣ್ಣತನವಿದೆ, ಒಳ್ಳೆಯ ಅರ್ಥದಲ್ಲಿ: ಅರಮನೆಗೆ ಅದು ಒಪ್ಪುವುದು ಕಡಿಮೆ, ಬಾಗಿಲು ಸ್ವಲ್ಪ ವಾಲಿದ ಹಳೆಯ ಪುಟ್ಟ ಮನೆಗೆ ಚೆನ್ನಾಗಿ ಒಪ್ಪುತ್ತದೆ. ಆದರೂ ಹುಷಾರಾಗಿರಬೇಕು, ಏಕೆಂದರೆ 'ಚಾರ್ಮರ್' ಎಂದು ಕರೆಸಿಕೊಂಡವರ ಕೈಗೆ ಯಾರೂ ಹಣದ ಚೀಲ ಕೊಡುವುದಿಲ್ಲ, ಮತ್ತು ಒರಟಾಗಿ ನಡೆದುಕೊಂಡವರ ಬೆನ್ನ ಹಿಂದೆ ಇಂಗ್ಲಿಷಿನವರು ಎಳೆದು ಆಡುವ 'ಚಾರ್ಮಿಂಗ್' ಶುದ್ಧ ಬೈಗುಳ. ಈ ಪದ ಬಂದದ್ದು ಲ್ಯಾಟಿನ್ನಿನ 'ಕಾರ್ಮೆನ್' ಎಂಬುದರಿಂದ; ಅದಕ್ಕೆ ಹಾಡು, ಪದ್ಯ, ಮಂತ್ರ ಎಂಬ ಅರ್ಥಗಳಿದ್ದವು. 'ಎನ್‌ಚಾಂಟ್' ಕೂಡ ಹೀಗೆಯೇ, ಹಾಡಿ ಕಟ್ಟಿಹಾಕುವುದು.

ತಿದ್ದಿದ ವಿಡಿಯೊವನ್ನು ಗುರುಗಳಿಗೆ ತೋರಿಸಿದೆ. ಸಬ್‌ಟೈಟಲ್ ಬಂದಾಗ ಕನ್ನಡಕ ಏರಿಸಿಕೊಂಡು, ಏನದು ಬರೆದಿರುವುದು ಎಂದು ಕೇಳಿದರು. ಪದದ ಅರ್ಥವನ್ನೂ ಅದರ ಹಿಂದಿನ ಹಾಡಿನ ಕಥೆಯನ್ನೂ ಹೇಳಿದೆ. ಮೊದಲು ಬರೆದಿದ್ದ ಪದದ ಸುದ್ದಿಯನ್ನು ಎತ್ತಲಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಮ್ಮಾ, ಹಾಗಾದರೆ ಅದನ್ನು ನಾನು ಹಾಡುವಾಗ ಹಾಕಬೇಕಿತ್ತು, ನಗುವಾಗ ಯಾಕೆ ಹಾಕಿದೆ?" ಎಂದರು.