ಸೊಗಡಿನ ಕಾಲ

ಕೇಳುಗರಿಗೆಲ್ಲ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಸಿಟಿ ಬಸ್ಸುಗಳಿಗೆ ಒಂದು ವಾಸನೆ ಹತ್ತಿಕೊಳ್ಳುತ್ತದೆ. ಕೆ.ಆರ್. ಮಾರುಕಟ್ಟೆಯಲ್ಲಿ ಹತ್ತಿದವರ ಕಾಲ ಬುಡದಲ್ಲಿ ಒಂದು ಚೀಲ, ಚೀಲದ ಬಾಯಲ್ಲಿ ಇಣುಕುವ ಹಸಿರು ಕಾಯಿ. ಆ ವಾಸನೆಯನ್ನು ಪರಿಮಳ ಅನ್ನೋಕಾಗಲ್ಲ, ನಾತ ಅಂದರೆ ಪಾಪ ಬರುತ್ತದೆ. ಮೊದಲ ಸಲ ಮೂಗಿಗೆ ಬಿದ್ದವರು ಮುಖ ಕಿವುಚುತ್ತಾರೆ. ಗೊತ್ತಿರುವವರು ಪಕ್ಕದ ಸೀಟಿನಿಂದ ಬಗ್ಗಿ, "ಕಿಲೋಗೆ ಎಷ್ಟು ಕೊಟ್ರಿ?" ಎಂದು ಕೇಳಿಯೇ ಬಿಡುತ್ತಾರೆ. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಆಮೇಲೆ ಇದು ಮಾಗಡಿ ಕಾಯೋ ಕೋಲಾರದ್ದೋ ಎಂದು ಶುರುವಾದ ಮಾತು, ಇಳಿಯುವ ಸ್ಟಾಪು ಬರುವ ಹೊತ್ತಿಗೆ ಸಾರಿಗೆ ಗಸಗಸೆ ಹಾಕಬೇಕೋ ಬೇಡವೋ ಎಂಬಲ್ಲಿಗೆ ಬಂದು ನಿಂತಿರುತ್ತದೆ.

ದಿನನಿತ್ಯದ ಸಣ್ಣ ಸಂತೋಷಗಳ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಸಣ್ಣ ಸಂತೋಷ ಎಂದ ಕೂಡಲೇ ಸೂರ್ಯೋದಯ, ಮಗುವಿನ ನಗು, ಮಳೆಯ ಹನಿ ಎಂದು ಹೇಳಿಬಿಡುವುದು ರೂಢಿ. ಅವೆಲ್ಲ ಒಳ್ಳೆಯವೇ, ನನಗೇನೂ ತಕರಾರಿಲ್ಲ. ಆದರೆ ಅವು ನಮ್ಮಿಂದ ಏನನ್ನೂ ಕೇಳುವುದಿಲ್ಲ. ನೋಡಿ ಮೆಚ್ಚಿಕೊಂಡರೆ ಮುಗಿಯಿತು. ನನಗೆ ಕೈ ಕೆಸರು ಮಾಡುವ ಸಂತೋಷಗಳ ಮೇಲೆ ಹೆಚ್ಚು ನಂಬಿಕೆ. ಹಾಗಾಗಿ ಇವತ್ತಿನ ನನ್ನ ಮಾತೆಲ್ಲ ಅವರೆಕಾಯಿಯದು.

ಬೆಂಗಳೂರಿನ ಸುತ್ತಮುತ್ತ, ರಾಮನಗರ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ, ಮಳೆಯನ್ನೇ ನೆಚ್ಚಿಕೊಂಡ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಬಿಡುತ್ತಾರೆ. ಆ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ. ರಾಗಿ ಎದ್ದು ನಿಂತಿರುವಷ್ಟು ದಿನ ಅವರೆಯನ್ನು ಕೇಳುವವರಿಲ್ಲ. ರಾಗಿ ಕೊಯ್ದು ಹೊರೆ ಮನೆಗೆ ಹೋದ ಮೇಲೆ ಬೋಳಾದ ಹೊಲದಲ್ಲಿ ಉಳಿಯುವುದು ಅದೇ. ಅಷ್ಟು ಹೊತ್ತಿಗೆ ಮಳೆಯೂ ಹಿಂದೆಗೆದಿರುತ್ತದೆ. ನೆಲದೊಳಗೆ ಉಳಿದ ಹಸಿ, ರಾತ್ರಿ ಬೀಳುವ ಇಬ್ಬನಿ, ಇಷ್ಟನ್ನೇ ಕುಡಿದು ಗಿಡ ಹೂವಾಗುತ್ತದೆ, ಕಾಯಿ ಕಟ್ಟುತ್ತದೆ. ಮೇಲಾಗಿ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಆ ನೆಲಕ್ಕೇ ಗೊಬ್ಬರವನ್ನೂ ಕೊಡುತ್ತದೆ. ನಾಟಿ ಅವರೆ ಹಗಲು ಕಿರಿದಾದಾಗಲಷ್ಟೇ ಹೂ ಬಿಡುವ ಜಾತಿ. ಸ್ವಲ್ಪ ಮುಂಚೆ ಬಿತ್ತಿದ್ದೇವೆ, ಮುಂಚೆಯೇ ಕಾಯಿ ಕೊಡು ಎಂದರೆ ಕೇಳುವುದಿಲ್ಲ. ಕಾರ್ತಿಕ ಕಳೆದು, ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು, ಬೆಳಗ್ಗೆ ಬಾಯಿಂದ ಹೊಗೆ ಬರುವಂಥ ಚಳಿ ಹಿಡಿದ ಮೇಲೆ ಅದರ ದರ್ಬಾರು.

ಸೊಗಡು ಕೂಡ ಆ ಚಳಿಯದೇ. ಕಾಯಿಯ ಮೇಲ್ಮೈಯಲ್ಲಿ ಎಣ್ಣೆಯಂಥ ಅಂಟು ಪಸೆ ಇರುತ್ತದಲ್ಲ, ವಾಸನೆ ಇರುವುದು ಅದರಲ್ಲಿ. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡು ಜಾಸ್ತಿ ಅನ್ನುತ್ತಾರೆ ರೈತರು. ಈಗ ಹೆಬ್ಬಾಳ ಅವರೆ ಎಂಬ ತಳಿಗಳು ಬಂದಿವೆ, ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟಿದ್ದು. ಅವುಗಳಲ್ಲಿ ಹಗಲಿನ ಉದ್ದದ ಹಂಗಿಲ್ಲದೆ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಗಿಡ್ಡ ತಳಿಗಳೂ ಇವೆ. ರೈತನಿಗೆ ವರ್ಷವಿಡೀ ನಾಲ್ಕು ಕಾಸು ಬರುತ್ತದೆ, ಅದನ್ನು ಹಳಿಯುವ ಧೈರ್ಯ ನನಗಿಲ್ಲ. ಮೇ ತಿಂಗಳಲ್ಲಿ ಅವರೆಕಾಯಿ ಸಿಕ್ಕರೆ ನಾನೂ ತರುತ್ತೇನೆ, ಸಾರೂ ಚೆನ್ನಾಗೇ ಆಗುತ್ತದೆ. ಬಸ್ಸಿನಲ್ಲಿ ಮಾತ್ರ ಯಾರೂ ಬಗ್ಗಿ ರೇಟು ಕೇಳುವುದಿಲ್ಲ.

ಇನ್ನು ಕಾಯಿ ಬಿಡಿಸುವ ವಿಷಯ. ಒಂದು ಕಿಲೋ ಕಾಯಿ ತಂದರೆ ಅರ್ಧ ಕಿಲೋ ಕಾಳೂ ಸಿಗದು, ಹಾಗಾಗಿ ತರುವವರು ಚೀಲದ ಲೆಕ್ಕದಲ್ಲೇ ತರುತ್ತಾರೆ. ನೆಲಕ್ಕೆ ಹಳೇ ಪೇಪರು ಹಾಸಿ, ಮಧ್ಯಕ್ಕೆ ಕಾಯಿ ಸುರಿದು, ಸುತ್ತ ಕೂರುವುದು. ತೊಟ್ಟು ಮುರಿದು ನಾರು ಎಳೆದು, ಹೆಬ್ಬೆರಳಿನಿಂದ ಹೊಟ್ಟೆ ಅದುಮಿದರೆ ಟಪ್ಪೆಂದು ಬಾಯಿ ಬಿಡುತ್ತದೆ. ಒಳಗೆ ಮೂರೋ ನಾಲ್ಕೋ ಕಾಳು. ಪ್ರತಿ ಕಾಳಿಗೂ ಅಂಚಿನಲ್ಲಿ ಒಂದು ಬಿಳಿ ಗೆರೆ, ಅಜ್ಜನ ನರೆತ ಹುಬ್ಬಿನ ಹಾಗೆ. ಕಾಯಿಯ ಮೇಲೆ ಸಣ್ಣ ತೂತು ಕಂಡರೆ ಒಳಗೆ ಬಾಡಿಗೆಗಿರುವವರು ಇದ್ದಾರೆಂದು ಅರ್ಥ. ಹಸಿರು ಹುಳ ಮೈ ಬಾಗಿಸಿಕೊಂಡು ಹೊರಬಂದಾಗ ನಾವು ಮಕ್ಕಳು ಕಿರುಚಿಕೊಂಡು ಎದ್ದರೆ ನಮ್ಮಜ್ಜಿ, "ಅದುಕ್ಕೂ ರುಚಿ ಗೊತ್ತು ಕಣಮ್ಮ. ಔಸ್ದಿ ಹೊಡ್ದಿಲ್ಲ ಅಂತ ಸರ್ಟಿಪಿಕೇಟು ಅದು" ಎಂದು ಸಿಪ್ಪೆಯ ಸಮೇತ ಅದನ್ನು ಮೊರಕ್ಕೆ ಹಾಕುತ್ತಿದ್ದರು. ಸಿಪ್ಪೆಯೆಲ್ಲ ಹಸುವಿಗೆ. ಅಂಗಳದಾಚೆ ಸಿಪ್ಪೆ ರಾಶಿ ಬಿದ್ದಿದ್ದರೆ ಆ ಮನೆಯಲ್ಲಿ ರಾತ್ರಿಗೆ ಏನು ಅಡುಗೆ ಎಂದು ಇಡೀ ಬೀದಿಗೆ ಗೊತ್ತು. ಅದು ಗೊತ್ತಾಗಲಿ ಎಂದೇ ಸಿಪ್ಪೆಯನ್ನು ಎದುರಿಗೆ ಸುರಿಯುವವರೂ ಇದ್ದರು ಅನ್ನಿ.

ಕಾಳನ್ನು ಐದಾರು ಗಂಟೆ ನೆನೆಹಾಕಿದರೆ ಮೇಲಿನ ಸಿಪ್ಪೆ ಉಬ್ಬಿ ಸಡಿಲಾಗುತ್ತದೆ. ಆಮೇಲೆ ಹಿತಕುವುದು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳಬೇಕು. ಪಾತ್ರೆಗೇ ಬೀಳುತ್ತದೆ ಎಂದೇನಿಲ್ಲ. ಎದುರಿಗೆ ಕೂತ ಚಿಕ್ಕಪ್ಪನ ಮಗನ ಮೂಗಿಗೆ ಗುರಿಯಿಟ್ಟು ಹಾರಿಸುವ ವಿದ್ಯೆ ನಮ್ಮಲ್ಲಿ ಬಹಳ ಬೇಗ ಬರುತ್ತಿತ್ತು. ಬೈಸಿಕೊಂಡು, ಬೇಳೆ ಹುಡುಕಿ ತಂದು, ತೊಳೆದು, ಮತ್ತೆ ಕೂರುವುದು.

ಕಾಯಿ ಬಿಡಿಸುವಾಗ, ಬೇಳೆ ಹಿತಕುವಾಗ ಇನ್ನೊಂದು ಆಗುತ್ತದೆ. ಕೈಗೆ ಕೆಲಸ ಇರುತ್ತದೆ, ತಲೆಗೆ ಇರುವುದಿಲ್ಲ. ಕಣ್ಣು ಕೆಳಗಿರುತ್ತದೆ. ಮುಖ ನೋಡಿ ಹೇಳಲಾಗದ ಮಾತನ್ನು ಅವರೆಕಾಯಿ ನೋಡಿಕೊಂಡು ಹೇಳಿಬಿಡಬಹುದು. ನಮ್ಮ ಸೋದರತ್ತೆಗೆ ಮುಂದೆ ಓದಬೇಕು, ಟೀಚರ್ ಆಗಬೇಕು ಎಂಬ ಆಸೆ. ತಾತನ ಎದುರು ನಿಂತು ಕೇಳುವ ಮನೆಯಲ್ಲ ನಮ್ಮದು. ಒಂದು ಸಂಜೆ ತಾತ ಪೇಪರು ಓದೋಣವೆಂದು ಬಂದರೆ ಅವತ್ತಿನ ಪೇಪರೇ ಅವರೆಕಾಯಿಯ ಅಡಿಗೆ ಹೋಗಿದೆ. ಗೊಣಗಿಕೊಂಡು, ಬೇರೆ ಕೆಲಸ ಕಾಣದೆ, ಅವರೂ ಕೂತು ಒಂದು ಬೊಗಸೆ ಕಾಯಿ ಮುಂದಕ್ಕೆ ಎಳೆದುಕೊಂಡರು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆ ತಲೆ ಎತ್ತದೆ, "ಅಪ್ಪಾ, ಟಿ.ಸಿ.ಎಚ್.ಗೆ ಅರ್ಜಿ ಕರೆದವ್ರೆ" ಅಂದರು. ತಾತನೂ ತಲೆ ಎತ್ತಲಿಲ್ಲ. ಕೈಲಿದ್ದ ಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು, ಹುಳ ಬಿದ್ದದ್ದೊಂದನ್ನು ಪಕ್ಕಕ್ಕೆ ಎಸೆದರು. "ಆಯ್ತು, ತರ್ಸು" ಅಂದರು. ಅಷ್ಟೇ. ಅಜ್ಜಿ ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು, ರಾತ್ರಿ ಊಟದ ಹೊತ್ತಿಗೆ ಕಾಫಿ ಕೊಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನಮ್ಮ ಮೇಲಿಂದ ಬೈಯುತ್ತಾರೆ. ಅವರೆಬೇಳೆ ಹಿತಕುವ ಸುಖವನ್ನು ಹಾಡಿ ಹೊಗಳುವವರಲ್ಲಿ ಜೀವಮಾನದಲ್ಲಿ ಒಂದು ಬಟ್ಟಲು ಬೇಳೆ ಹಿತಕದವರೇ ಜಾಸ್ತಿ. ಹತ್ತು ಹದಿನೈದು ಜನರ ಮನೆಯಲ್ಲಿ ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು, ನಾಳೆಗೆ ಬೇಕೆಂದು ನಡುರಾತ್ರಿ ಒಬ್ಬಳೇ ಕೂತು ಹಿತಕುವ ಹೆಂಗಸಿಗೆ ಅದು ಸುಖವಲ್ಲ, ಸೊಂಟನೋವು. ಅದೇ ಕಾಳು, ಅದೇ ಬೆರಳು. ಸುತ್ತ ಇನ್ನು ನಾಲ್ಕು ಜೊತೆ ಕೈ ಇದ್ದರೆ ಹಬ್ಬ, ಇಲ್ಲದಿದ್ದರೆ ಚಾಕರಿ. ನಮ್ಮ ಮನೆಯಲ್ಲಿ ಈಗ ಕಾನೂನು ಹೀಗಿದೆ: ಸಾರು ಉಣ್ಣುವವರೆಲ್ಲ ಕಾಯಿಗೆ ಕೂರಬೇಕು. ಮೊದಮೊದಲು ನಮ್ಮ ಯಜಮಾನರಿಗೆ ಫೋನುಗಳು ಬಹಳ ಬರುತ್ತಿದ್ದವು. ಈಗ ಬರುವುದಿಲ್ಲ.

ಪುರಸೊತ್ತಿಲ್ಲದವರಿಗೆ ಹಿತಕಿದ ಬೇಳೆಯೇ ಸಿಗುತ್ತದೆ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದಲ್ಲಿ, ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಗಿರಾಕಿ ಬರುವ ತನಕ ಹಿತಕುತ್ತಲೇ ಇರುತ್ತಾರೆ. ಬೆರಳ ತುದಿ ನೀರಿಗೆ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತದೆ, ಉಗುರಿನ ಸಂದಿ ಕಪ್ಪಾಗಿರುತ್ತದೆ. ಹಾಗೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ನಾನೂ ಎಷ್ಟೋ ಸಲ ಕೊಂಡಿದ್ದೇನೆ. ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮುಂಚೆ ಆ ಬೆರಳನ್ನೊಮ್ಮೆ ನೋಡಿದರೆ ಸಾಕು.

ಸಾರಿನ ವಿಷಯಕ್ಕೆ ಕೈ ಹಾಕುವುದು ಜಗಳಕ್ಕೆ ಕರೆದ ಹಾಗೆ. ಧನಿಯ, ಹುರಿಗಡಲೆ, ಚಕ್ಕೆ ಲವಂಗ, ಈರುಳ್ಳಿ ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ ಹಾಕಿದ ಖಾರದ ಸಾರಿಗೆ ರಾಗಿಮುದ್ದೆ ಎನ್ನುವುದು ಒಂದು ಪಕ್ಷ. ಮೆಣಸು, ಜೀರಿಗೆ, ಕಾಯಿ, ಇಷ್ಟೇ ಸಾಕು, ಮಸಾಲೆ ಹಾಕಿದರೆ ಸೊಗಡು ಸಾಯುತ್ತದೆ ಎನ್ನುವುದು ಇನ್ನೊಂದು. ನಾನು ಊಟಕ್ಕೆ ಕರೆದ ಮನೆಯ ಪಕ್ಷ. ಸಂಕ್ರಾಂತಿಗಂತೂ ಯಾವ ಜಗಳವೂ ಇಲ್ಲ. ಅವರೆಕಾಯಿ, ಕಡಲೆಕಾಯಿ, ಗೆಣಸು, ಮೂರನ್ನೂ ಉಪ್ಪು ಹಾಕಿ ಬೇಯಿಸಿದರೆ ಆಯಿತು. ಎಳ್ಳು ಬೀರಿ ಬಂದ ಮಕ್ಕಳು ರೇಷ್ಮೆ ಲಂಗದಲ್ಲೇ ಕೂತು ಸಿಪ್ಪೆ ಸುಲಿದು ತಿನ್ನುತ್ತಾರೆ, ಅಮ್ಮಂದಿರು ಲಂಗ ಲಂಗ ಎಂದು ಬಡಿದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಇದಕ್ಕೊಂದು ಮೇಳವೇ ಇದೆ. ವಿ.ವಿ. ಪುರಂನ ಸಜ್ಜನ್ ರಾವ್ ವೃತ್ತದ ಹತ್ತಿರ ಬೀದಿಯಲ್ಲಿ ನಡೆಯುತ್ತಿದ್ದದ್ದು, ಜನ ಹಿಡಿಸದೆ ನ್ಯಾಷನಲ್ ಕಾಲೇಜು ಮೈದಾನಕ್ಕೂ ಹೋಯಿತು. ಅವರೆಬೇಳೆ ದೋಸೆ, ಹೋಳಿಗೆ, ಜಿಲೇಬಿ ಕೂಡ. ಜಿಲೇಬಿಯ ಬಗ್ಗೆ ನನಗೆ ಅಷ್ಟು ಭಕ್ತಿ ಇಲ್ಲ. ಆದರೂ ಕೈಯಲ್ಲಿ ತಟ್ಟೆ ಹಿಡಿದು ಗುಂಪಿನಲ್ಲಿ ನಿಂತು, ಗುರುತಿಲ್ಲದವರ ತಟ್ಟೆಯನ್ನು ನೋಡಿ "ಅದೆಲ್ಲಿ ಸಿಕ್ತು?" ಎಂದು ಕೇಳುವ ಸಲಿಗೆ ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ಅಮೆರಿಕದಲ್ಲಿರುವ ನಮ್ಮ ನೆಂಟರ ಹುಡುಗಿ ಒಬ್ಬಳು ಚಳಿಗಾಲದಲ್ಲಿ ಅಲ್ಲಿನ ಗುಜರಾತಿ ಅಂಗಡಿಗೆ ಹೋಗಿ ಫ್ರೀಜ್ ಮಾಡಿದ ಸುರ್ತಿ ಪಾಪ್ಡಿ ಲಿಲ್ವಾ ಪ್ಯಾಕೆಟ್ಟು ತರುತ್ತಾಳೆ. ಅದೂ ಅವರೆಯ ಬಳಗದ ಕಾಳೇ. ಸೊಗಡು ಎಲ್ಲಿಂದ ಬರಬೇಕು? ಆದರೂ ಕರಗಲು ಬಿಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ವಿಡಿಯೊ ಕಾಲಿನಲ್ಲಿ ತಾಯಿಯ ಜೊತೆ ಕೂತು ಹಿತಕುತ್ತಾಳೆ. ಅಲ್ಲಿ ರಾತ್ರಿ, ಇಲ್ಲಿ ಬೆಳಗ್ಗೆ. ಕೆಲಸ ಮುಗಿಯುವ ತನಕ ಫೋನು ಇಡುವಂತಿಲ್ಲ, ಇಬ್ಬರ ಕೈಯೂ ಒದ್ದೆ.

ಸಾರು ಕುದಿಯಿತು ಎಂದರೆ ಮೊದಲ ಬಟ್ಟಲು ಪಕ್ಕದ ಮನೆಗೆ. ಅವರು ಆ ಬಟ್ಟಲನ್ನು ಬರಿದಾಗಿ ಕಳಿಸುವ ಹಾಗಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನಮ್ಮ ಈಗಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಬಂಗಾಳದ ಕಡೆಯವರು. ಮೊದಲ ಸಲ ಸಾರು ಕೊಟ್ಟಾಗ ಬಟ್ಟಲು ನಾಲ್ಕು ದಿನವಾದರೂ ವಾಪಸ್ ಬರಲಿಲ್ಲ. ಇಷ್ಟವಾಗಲಿಲ್ಲವೇನೋ ಎಂದುಕೊಂಡೆ. ಐದನೇ ದಿನ ಆ ಮನೆಯ ಅಜ್ಜಿ ಬಂದರು, ಬಟ್ಟಲ ತುಂಬ ಖರ್ಜೂರದ ಬೆಲ್ಲದ ಪಾಯಸ. ಊರಿಂದ ಬೆಲ್ಲ ಬರುವ ತನಕ ಕಾದಿದ್ದರಂತೆ! ಅವರಲ್ಲೂ ಬರಿ ಬಟ್ಟಲು ಕಳಿಸಬಾರದಂತೆ. ಚಳಿಗಾಲದಲ್ಲಿ ಮಾತ್ರ ಸಿಗುವ ಬೆಲ್ಲವಂತೆ ಅದು, ನಮ್ಮ ಅವರೆಯ ಹಾಗೇ. ಅಜ್ಜಿಗೆ ಕನ್ನಡ ಬಾರದು, ನನಗೆ ಬಂಗಾಳಿ ಬಾರದು. ಬಟ್ಟಲು ಈಗಲೂ ಓಡಾಡುತ್ತಿದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಬಿಡುತ್ತದೆ, ಅದಕ್ಕೂ ಮೊದಲೇ ಸೊಗಡು ಹೊರಟಿರುತ್ತದೆ. ಕಾಯಿ ಒಣಗಿ ಸಿಪ್ಪೆ ಒರಟಾಗುತ್ತದೆ. ಹಾಗಾಗಿ ತರುವವರು ಈ ಭಾನುವಾರವೇ ತನ್ನಿ. ಕಾಯಿಯನ್ನು ಕೈಯಲ್ಲಿ ಉಜ್ಜಿ ಮೂಸಿ ನೋಡಿ, ಅಂಗಡಿಯವರು ಏನಾದರೂ ಅಂದುಕೊಳ್ಳಲಿ. ಬಿಡಿಸೋಕೆ ಕೂರುವ ಮೊದಲು ಬೆರಳಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಅಂಟು ಅಷ್ಟಾಗಿ ಹಿಡಿಯುವುದಿಲ್ಲ. ಆದರೂ ಉಗುರು ಕಪ್ಪಾಗಿಯೇ ಆಗುತ್ತದೆ. ಸೋಮವಾರ ಆಫೀಸಿನಲ್ಲಿ ಯಾರಾದರೂ ನಿಮ್ಮ ಕೈ ನೋಡಿ ನಕ್ಕರೆ, ಅವರಿಗೆ ಗೊತ್ತಾಗಿದೆ ಎಂದು ತಿಳಿಯಿರಿ. ಮಂಗಳವಾರ ಒಂದು ಡಬ್ಬಿ ಹೆಚ್ಚಿಗೆ ಒಯ್ಯಬೇಕಾಗುತ್ತದೆ.

ನಮಸ್ಕಾರ.