ತಳ ನೋಡಿ ಗಾಳ ಕಟ್ಟಿ

ಆಕಾಶವಾಣಿಯ ಆತ್ಮೀಯ ಕೇಳುಗರೆಲ್ಲರಿಗೂ ನಮಸ್ಕಾರ. ರಜೆ ಸಿಕ್ಕಿದೊಡನೆ ಮೈಸೂರಿನಿಂದಲೋ ಮಂಡ್ಯದಿಂದಲೋ ಹೊರಟು, ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸಮುದ್ರದ ದಡದಲ್ಲಿ ನಿಂತು ಗಾಳ ಹಾಕುವ ಹವ್ಯಾಸಿಗಳಿಗಾಗಿ ಇಂದಿನ ಈ ಮಾತು. ಅವರಲ್ಲಿ ಬಹುಮಂದಿ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಸಮುದ್ರಕ್ಕೆ ಯಾವ ರಿಗ್ ಒಳ್ಳೆಯದು? ದಾರ, ಸೀಸದ ಗುಂಡು, ಕೊಕ್ಕೆ, ಎರೆ ಇವು ಒಂದಕ್ಕೊಂದು ಯಾವ ಕ್ರಮದಲ್ಲಿ ಕೂಡಿಕೊಂಡಿವೆಯೋ ಆ ಕಟ್ಟನ್ನೇ ರಿಗ್ ಎನ್ನುತ್ತೇವೆ. ಈ ಪ್ರಶ್ನೆಗೆ ನನ್ನ ಉತ್ತರವೂ ಒಂದೇ: ಮೊದಲು ತಳ ನೋಡಿ, ಆಮೇಲೆ ಗಾಳ ಕಟ್ಟಿ. ನೀರಿನಡಿಯಲ್ಲಿ ಮರಳಿದೆಯೋ, ಕಲ್ಲಿದೆಯೋ, ಕೆಸರಿದೆಯೋ ಎಂದು ತಿಳಿಯದೆ ರಿಗ್ ಆರಿಸುವುದು ಸಾಧ್ಯವೇ ಇಲ್ಲ.

ಗಾಳದ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಎಂಬ ನದಿಯ ಮೀನು ಹಿಡಿದದ್ದು ಇಂದಿಗೂ ಗಾಳ ಹಾಕುವವರ ಬಾಯಲ್ಲಿರುವ ದಾಖಲೆ. ಆದರೆ ಕಾವೇರಿಯ ಅಭ್ಯಾಸವನ್ನು ಹಾಗೆಯೇ ಸಮುದ್ರಕ್ಕೆ ಒಯ್ಯಲಾಗದು. ನದಿಯ ಸೆಳೆತ ಒಂದೇ ದಿಕ್ಕಿನದು, ಗುಂಡು ಒಮ್ಮೆ ಕೂತರೆ ಕೂತಲ್ಲೇ ಇರುತ್ತದೆ. ಸಮುದ್ರದ ಅಲೆ ಗುಂಡನ್ನು ದಡಕ್ಕೆ ತಳ್ಳಿ, ಮರುಕ್ಷಣವೇ ಒಳಕ್ಕೆ ಎಳೆಯುತ್ತದೆ. ನಮ್ಮ ರಾಗಿ ಹಿಟ್ಟಿನ ಉಂಡೆ ಆ ಅಲೆಯ ಹೊಡೆತಕ್ಕೆ ನಿಲ್ಲುವುದಿಲ್ಲ. ಅಲ್ಲಿ ಸಿಗಡಿ, ಭೂತಾಯಿ ಮೀನು, ಬೊಂಡಾಸ್ ಎಂದರೆ ಸ್ಕ್ವಿಡ್, ಇವುಗಳ ತುಂಡೇ ಎರೆ.

ದಡದಿಂದ ಗಾಳ ಹಾಕುವವರಿಗೆ ಎರಡು ರಿಗ್ ಚೆನ್ನಾಗಿ ತಿಳಿದಿದ್ದರೆ ಸಾಕು. ಮೊದಲನೆಯದು ಗುಂಡು ಜಾರುವ ರಿಗ್. ಅಂಗಡಿಯವರು ಇದನ್ನು ರನ್ನಿಂಗ್ ರಿಗ್ ಎನ್ನುತ್ತಾರೆ. ತೂತಿರುವ ಸೀಸದ ಗುಂಡನ್ನು ಮುಖ್ಯ ದಾರಕ್ಕೆ ಪೋಣಿಸಿ, ಅದರ ಕೆಳಗೆ ದಾರ ತಿರುಚಿಕೊಳ್ಳದಂತೆ ತಾನೇ ತಿರುಗುವ ಸ್ವಿವೆಲ್ ಎಂಬ ಪುಟ್ಟ ಕೊಂಡಿ ಕಟ್ಟಿ, ಸ್ವಿವೆಲ್‌ನಿಂದ ಮುಂದಕ್ಕೆ ಒಂದೂವರೆ ಎರಡು ಅಡಿ ತಂಗೂಸಿ ದಾರ ಬಿಟ್ಟು, ಅದರ ತುದಿಗೆ ಕೊಕ್ಕೆ ಹಾಕುವುದು. ಮೀನು ಎರೆ ಕಚ್ಚಿ ಸರಿದಾಗ ದಾರ ಗುಂಡಿನೊಳಗಿಂದ ಸರಾಗವಾಗಿ ಜಾರುವುದರಿಂದ ಭಾರ ಅದಕ್ಕೆ ತಿಳಿಯದು, ಬಾಯಿ ಬಿಡದು. ಇದು ಮರಳಿನ ತಳದ ರಿಗ್. ಎರಡನೆಯದು ಪ್ಯಾಟರ್‌ನಾಸ್ಟರ್. ಇಲ್ಲಿ ಗುಂಡು ದಾರದ ಕಟ್ಟಕಡೆಯ ತುದಿಯಲ್ಲಿರುತ್ತದೆ, ಕೊಕ್ಕೆಗಳು ಅದಕ್ಕಿಂತ ಒಂದಡಿ, ಎರಡಡಿ ಮೇಲೆ ಗೇಣುದ್ದದ ಪಕ್ಕದ ದಾರಗಳಲ್ಲಿ ತೂಗುತ್ತವೆ. ಗುಂಡು ಕಲ್ಲಿನ ಸಂದಿಗೆ ಬಿದ್ದರೂ ಎರೆ ಮೇಲೆಯೇ, ಮೀನಿನ ಕಣ್ಣೆದುರಿಗೆ ಇರುತ್ತದೆ. ಇದು ಕಲ್ಲಿನ ತಳದ ರಿಗ್. ಇವೆರಡರಲ್ಲಿ ಯಾವುದು ಮೇಲು ಎಂದು ಫೋನಿನಲ್ಲಿ ವೀಡಿಯೊ ನೋಡಿ ವಾದಿಸುವ ಯುವಕರಿಗೆ ನಾನು ಹೇಳುವುದಿಷ್ಟೇ: ವಾದ ಬಿಡಿ, ತಳ ನೋಡಿ.

ಮಂಡ್ಯದ ನನ್ನ ಸ್ನೇಹಿತರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ಗಾಳ ಹಾಕಿ ಬರಿಗೈಯಲ್ಲಿ ಮನೆಗೆ ಬಂದವರಲ್ಲ ಅವರು. ಒಮ್ಮೆ ನಾವಿಬ್ಬರೂ ಉಡುಪಿಯ ಹತ್ತಿರದ ಕಾಪುವಿಗೆ ಹೋದೆವು. ಅಲ್ಲಿನ ದೀಪಸ್ತಂಭ 1901ರಿಂದ ಬಂಡೆಯ ಮೇಲೆ ನಿಂತಿದೆ. ಅದರ ಬುಡದಲ್ಲಿ ಕಲ್ಲು, ತುಸು ದೂರ ನಡೆದರೆ ಹಾಸಿದಂಥ ಮರಳು. ಸ್ನೇಹಿತರು ಬಂಡೆಯ ಮೇಲೆ ನಿಂತು, ನಾಲೆಯಲ್ಲಿ ತಮ್ಮ ಕೈಗೆ ಪಳಗಿದ್ದ ಗುಂಡು ಜಾರುವ ರಿಗ್ಗನ್ನೇ ಬೀಸಿದರು. ಗುಂಡು ಸಂದಿಯಲ್ಲಿ ಸಿಕ್ಕಿಕೊಂಡಿತು, ದಾರ ಹರಿಯಿತು. ಮತ್ತೆ ಕಟ್ಟಿದರು, ಮತ್ತೆ ಹರಿಯಿತು. ತಂದಿದ್ದ ಗುಂಡುಗಳೆಲ್ಲ ಹೀಗೆ ಸಮುದ್ರದ ಪಾಲಾದಾಗ, "ಈ ರಿಗ್ಗೇ ಸರಿಯಿಲ್ಲ ಬಿಡಿ" ಎಂದು ಬೇಸರಿಸಿ ಕೂತರು. ಪಕ್ಕದಲ್ಲಿ ಕೈದಾರ ಹಿಡಿದು ಕುಳಿತಿದ್ದ ಊರಿನ ಹಿರಿಯರೊಬ್ಬರು ಅಷ್ಟು ಹೊತ್ತೂ ಇದನ್ನು ನೋಡುತ್ತಿದ್ದರು. "ಇಲ್ಲಿ ಅಡಿಯಲ್ಲಿ ಪೂರಾ ಕಲ್ಲು ಮಾರಾಯ್ರೆ, ಗುಂಡು ಮೇಲೆ ಕಟ್ಟಿದರೆ ಆಗುವುದಿಲ್ಲ, ಕೆಳಗೆ ಕಟ್ಟಬೇಕು" ಎಂದು ಸ್ನೇಹಿತರ ದಾರವನ್ನು ತಮ್ಮ ಕೈಗೆ ತೆಗೆದುಕೊಂಡರು.

ಅವರು ಮಾಡಿದ್ದನ್ನು ಕೇಳುಗರು ಗಮನವಿಟ್ಟು ಕೇಳಬೇಕು. ದಾರದ ತುದಿಯಿಂದ ಒಂದು ಮೊಳ ಮೇಲೆ ಕುಣಿಕೆ ಹಾಕಿ, ಆ ಕುಣಿಕೆಗೆ ಕೊಕ್ಕೆ ಇರುವ ಗೇಣುದ್ದದ ದಾರ ಸಿಕ್ಕಿಸಿದರು. ಸೀಸದ ಬದಲು ಚೀಲದಿಂದ ಬೈಕಿನ ಹಳೆಯ ಸ್ಪಾರ್ಕ್ ಪ್ಲಗ್ ಒಂದನ್ನು ತೆಗೆದರು. ಅದನ್ನು ತಂಗೂಸಿಗೆ ನೇರವಾಗಿ ಕಟ್ಟದೆ, ನಡುವೆ ಒಂದು ಗೇಣು ಹತ್ತಿಯ ನೂಲು ಸೇರಿಸಿ, ಗಂಟು ಬಿಗಿದು, ಉಳಿದ ನೂಲನ್ನು ಹಲ್ಲಿನಿಂದ ಕಡಿದರು. ಬೀಸಿ ಎಸೆಯಬೇಡಿ, ಮೆಲ್ಲನೆ ತೂಗಿ ಬಿಡಿ ಎಂದರು, ಏಕೆಂದರೆ ಜೋರಾಗಿ ಬೀಸಿದರೆ ಆ ನೂಲು ಗಾಳಿಯಲ್ಲೇ ಹರಿಯುತ್ತದೆ. ಸ್ವಲ್ಪ ಹೊತ್ತಿಗೆ ದಾರ ಬಿಗಿಯಿತು. ಎಳೆದರೆ ಪ್ಲಗ್ ಕಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ನೇರವಾಗಿ ಒಮ್ಮೆ ಜಗ್ಗಿದಾಗ ನೂಲು ಮಾತ್ರ ಹರಿದು, ಪ್ಲಗ್ ಅಲ್ಲೇ ಉಳಿದು, ಕೊಕ್ಕೆಯೊಡನೆ ಅಂಗೈಗಿಂತ ದೊಡ್ಡದಾದ ಒಂದು ಕೆಂಬೇರಿ ಮೀನು ಮೇಲೆ ಬಂತು. ದುಬಾರಿ ಸ್ವಿವೆಲ್, ಕೊಕ್ಕೆ, ತಂಗೂಸಿ ಎಲ್ಲವೂ ಉಳಿದವು.

ಪ್ರಸಂಗ ಇಲ್ಲಿಗೇ ಮುಗಿಯಲಿಲ್ಲ. ಸಂಜೆ ಸ್ನೇಹಿತರು ಇದೇ ಹೊಸ ಕಟ್ಟನ್ನು ಹಿಡಿದು ಮರಳಿನ ಕಡೆಗೆ ಹೋದರು. ಮರಳಿನ ತಳದಲ್ಲಿ ಮೇಯುವ ಕಾಣೆ ಮೀನು ಮೇಲೆ ತೂಗುವ ಎರೆಯ ಗೊಡವೆಗೆ ಬರಲಿಲ್ಲ. ಆಗ ಹಿರಿಯರಿಂದಲೇ ಒಂದು ಸೀಸದ ಗುಂಡು ಪಡೆದು, ಬೆಳಗ್ಗೆ ತಾವು ಬೈದಿದ್ದ ಗುಂಡು ಜಾರುವ ರಿಗ್ಗನ್ನೇ ಸಣ್ಣ ಕೊಕ್ಕೆ, ಸಿಗಡಿಯ ಚೂರಿನೊಡನೆ ಕಟ್ಟಿದರು. ಕತ್ತಲಾಗುವುದರೊಳಗೆ ಚೀಲದಲ್ಲಿ ರಾತ್ರಿಯ ಅಡುಗೆಗೆ ಸಾಕಾಗುವಷ್ಟು ಕಾಣೆ ಇತ್ತು. ಬೆಳಗ್ಗೆ ದೋಷ ರಿಗ್ಗಿನದಾಗಿರಲಿಲ್ಲ. ತಳ ಬೇರೆಯಾಗಿತ್ತು, ಅಷ್ಟೇ.

ತಳ ನೋಡುವುದು ಹೇಗೆ? ಇಳಿತದ ಹೊತ್ತಿಗೆ ದಡಕ್ಕೆ ಹೋಗಿ. ಇಳಿತಕ್ಕೂ ಮುಂದಿನ ಭರತಕ್ಕೂ ಸುಮಾರು ಆರು ಗಂಟೆಯ ಅಂತರವಿರುತ್ತದೆ, ಮರುದಿನ ಇವು ಸುಮಾರು 50 ನಿಮಿಷ ತಡವಾಗುತ್ತವೆ. ನೀರು ಹಿಂದೆ ಸರಿದಾಗ ಬಂಡೆ, ಗುಂಡಿ, ಮರಳಿನ ದಿಬ್ಬ ಎಲ್ಲವೂ ಕಣ್ಣಿಗೆ ಬೀಳುತ್ತವೆ; ಭರತದಲ್ಲಿ ಮೀನು ಮೇಯಲು ಬರುವುದು ಅಲ್ಲಿಗೇ. ಕಣ್ಣಿಗೆ ಕಾಣದ ಕಡೆ, ಕೊಕ್ಕೆ ಕಟ್ಟದೆ ಬರೀ ಗುಂಡನ್ನು ಎಸೆದು ನಿಧಾನವಾಗಿ ಎಳೆಯಿರಿ. ಮರಳಾದರೆ ಸರಾಗವಾಗಿ ಬರುತ್ತದೆ, ಕೆಸರಾದರೆ ಭಾರವಾಗಿ ಅಂಟಿ ಅಂಟಿ ಬರುತ್ತದೆ, ಕಲ್ಲಾದರೆ ಟಕ್ ಟಕ್ ಎಂದು ಗಾಳದ ಕೋಲಿನ, ಅಂದರೆ ರಾಡಿನ, ಹಿಡಿಯವರೆಗೂ ತಾಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ಹತ್ತು ನಿಮಿಷದ ತಾಳ್ಮೆ ಬೇಕು. ಆ ತಾಳ್ಮೆಯೇ ಇಲ್ಲದೆ, ಇಷ್ಟು ದೂರ ಹೋಗಿ ಕಾರಿನಿಂದ ಇಳಿದ ಕೂಡಲೇ ಗಾಳ ಬೀಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮರಳಿನಲ್ಲಿ ಅಲೆ ಜೋರಾಗಿದ್ದರೆ ದುಂಡನೆಯ ಗುಂಡು ಉರುಳುತ್ತದೆ. ಮೂಲೆಗಳಿರುವ, ಪಿರಮಿಡ್ ಆಕಾರದ ಸೀಸ ಮರಳಿನಲ್ಲಿ ಹೂತು ನಿಲ್ಲುತ್ತದೆ. ಅಲೆತಡೆ ಗೋಡೆಯ ಪಕ್ಕದಲ್ಲಿ ಬಂಗುಡೆಯಂಥ ಮೀನು ನಡುನೀರಿನಲ್ಲಿ ಓಡಾಡುತ್ತಿದ್ದರೆ ಬೆಂಡು ಕಟ್ಟಿದ ರಿಗ್ ಹಾಕಿ. ಆದರೆ ಎರೆ ಎಷ್ಟು ಆಳಕ್ಕೆ ಇಳಿಯಬೇಕೆಂಬ ಗಂಟನ್ನು ಹಾಕಲು ಅಲ್ಲಿಯೂ ತಳ ಎಷ್ಟು ಕೆಳಗಿದೆ ಎಂದು ತಿಳಿದಿರಬೇಕು. ತುದಿ ಒಳಕ್ಕೆ ಬಾಗಿದ ದುಂಡನೆಯ ಕೊಕ್ಕೆ, ಅಂದರೆ ಸರ್ಕಲ್ ಹುಕ್, ಬಳಸುವವರು ಮೀನು ಕಚ್ಚಿದಾಗ ರಾಡನ್ನು ಫಟ್ಟನೆ ಎತ್ತಬಾರದು. ದಾರ ಬಿಗಿಯುತ್ತಾ ಹೋದಂತೆ ಕೊಕ್ಕೆ ತಾನಾಗಿಯೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ದಡದಿಂದ ಗಾಳ ಹಾಕುವವರೂ ಆ ತಿಂಗಳುಗಳಲ್ಲಿ ಬಂಡೆಯ ಮೇಲೆ ಕಾಲಿಡಬಾರದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿದವರನ್ನು ಅಲೆ ಹಿಂದಕ್ಕೆ ಕೊಡುವುದಿಲ್ಲ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಹೋಗಿ. ಹೊರಡುವ ಮುನ್ನ ಆ ದಿನದ ಭರತ ಇಳಿತದ ವೇಳೆಯನ್ನು ನೋಡಿಕೊಂಡು, ಇಳಿತದ ಹೊತ್ತಿಗೆ ದಡ ಮುಟ್ಟುವಂತೆ ಮೈಸೂರು ಬಿಡಿ. ನಮಸ್ಕಾರ.